ಸುರಹೊನ್ನೆಯ ಎರಡನೇ ಬೆಳಕು

"ಮೇಡಂ, ಬಂತು," ಎಂದಳು ದೀಪಾ.

ಬಿಎಸ್ಸಿ ಎರಡನೇ ವರ್ಷದ ಎಪ್ಪತ್ತು ಮಕ್ಕಳು ಕೂತಿದ್ದ ತರಗತಿಯ ಬಾಗಿಲಲ್ಲಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹೇಳಿದಳು. ನೀತಾಳ ಹತ್ತಿರ ಸಂಶೋಧನೆಗೆ ಸೇರಿದವಳು, ಪಾಠದ ನಡುವೆ ಬಂದು ಕರೆಯುವ ಹುಡುಗಿಯೇ ಅಲ್ಲ. ಏನಾದರೂ ಕೇಳಬೇಕಾದರೆ ಕಾರಿಡಾರಿನ ಕಂಬಕ್ಕೆ ಒರಗಿ ಗಂಟೆ ಹೊಡೆಯುವವರೆಗೂ ಕಾಯುವವಳು. ನೀತಾಳ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತಿತು. ಏನು ಬಂತು ಎಂದು ಅವಳು ಕೇಳಲಿಲ್ಲ. ಎಂಟು ತಿಂಗಳಿಂದ ಇಬ್ಬರೂ ಕಾಯುತ್ತಿದ್ದದ್ದು ಒಂದೇ ಒಂದನ್ನು.

"ಓದ್ಕೊಳ್ತಾ ಕೂತಿರಿ, ಬಂದೆ," ಎಂದು ಮಕ್ಕಳಿಗೆ ಹೇಳಿ ಮೆಟ್ಟಿಲಿಳಿದಳು. ನಲವತ್ತೊಂದು ವರ್ಷದ ಹೆಂಗಸು, ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆ, ಸೀರೆಯ ನೆರಿಗೆ ಎತ್ತಿ ಹಿಡಿದು ಎರಡೆರಡು ಮೆಟ್ಟಿಲು ಇಳಿಯುವುದನ್ನು ಕಾರವಾರದ ಆ ಕಾಲೇಜು ಅಂದೇ ಮೊದಲು ನೋಡಿದ್ದು.

ಕೆಳಗಿನ ಕತ್ತಲೆ ಕೋಣೆಯಲ್ಲಿ ಬೆಳಕು ಅಳೆಯುವ ಯಂತ್ರ ಗುಂಯ್‌ಗುಡುತ್ತಿತ್ತು. ಕಡಲಿನ ಗಾಳಿಗೆ ಒಳಗಿನ ಗಾಜುಗಳಿಗೆ ಬೂಸ್ಟು ಹಿಡಿಯದಿರಲೆಂದು ಇಡೀ ಕಾಲೇಜಿಗೆ ಇದ್ದ ಒಂದೇ ಒಂದು ಎ.ಸಿ.ಯನ್ನು ಆ ಕೋಣೆಗೆ ಹಾಕಿದ್ದರು. ಪ್ರಿನ್ಸಿಪಾಲರಿಗೂ ಎ.ಸಿ. ಇರಲಿಲ್ಲ, ಆ ಹೊಟ್ಟೆಯುರಿ ಅವರಿಗೆ ಇದ್ದೇ ಇತ್ತು. ಕಂಪ್ಯೂಟರ್ ಪರದೆಯ ಎಡಗಡೆ ಗುಡ್ಡದ ಹಾಗೆ ಏರಿ ಇಳಿದ ಗೆರೆ ನೀಲಿ ಬೆಳಕಿನದು. ಅದು ಯಾವತ್ತೂ ಬರುತ್ತಿತ್ತು. ಬಲಗಡೆಯ ಇಳಿಜಾರಿನಲ್ಲಿ, ಇಷ್ಟು ದಿನ ಬೋಳಾಗಿದ್ದ ಜಾಗದಲ್ಲಿ, ಈಗ ಒಂದು ಸಣ್ಣ ಉಬ್ಬು ಎದ್ದಿತ್ತು.

"ಮೂರು ಸಲ ತೆಗ್ದೆ ಮೇಡಂ. ಮೂರೂ ಸಲ ಬಂತು," ಎಂದಳು ದೀಪಾ.

ನೀತಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಂಶೋಧನಾ ಯೋಜನೆಯ ಪರಿಶೀಲನಾ ಸಮಿತಿ ಬರುವುದಿತ್ತು. ಒಂದು ದಿನ ಮುಂಚೆಯಾದರೂ ಕಣ್ಣು ಬಿಟ್ಟೆಯಲ್ಲ ದೇವರೇ, ಎಂದು ಮನಸ್ಸಿನಲ್ಲೇ ಕೈ ಮುಗಿದಳು. ದೇವರ ಗೊಡವೆಗೆ ಹೆಚ್ಚು ಹೋಗುವವಳಲ್ಲ ಅವಳು, ಆದರೆ ಆ ಎಂಟು ತಿಂಗಳು ಅವಳನ್ನು ಎಲ್ಲಿಗೆ ಬೇಕಾದರೂ ಹೋಗುವ ಹಾಗೆ ಮಾಡಿಬಿಟ್ಟಿದ್ದವು.

ವಿಷಯ ಇಷ್ಟೇ. ಈ ಕರಾವಳಿಯಲ್ಲಿ ದಂಡೆಗುಂಟ ಬೆಳೆಯುವ ಸುರಹೊನ್ನೆ ಮರದ ಬೀಜದಲ್ಲಿ ಒಂದು ಅಣುವಿದೆ. ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ, ಅಣು ಆ ಬೆಳಕನ್ನು ನುಂಗಿ ಕ್ಷಣ ಮಾತ್ರದಲ್ಲಿ ನೀಲಿ ಬೆಳಕಾಗಿ ವಾಪಸು ಕೊಡುತ್ತದೆ. 2001ರ ಮಳೆಗಾಲದಲ್ಲಿ ನೀತಾ ಕಂಡದ್ದು, ನೀಲಿಯ ಪಕ್ಕದಲ್ಲಿ ಒಂದು ಮಂದ ಹಸಿರು. ಬೆಳಕು ನುಂಗಿದ ಅಣು, ಅದನ್ನು ಉಗುಳುವ ಮೊದಲು ಒಂದು ಗಳಿಗೆ ಮೈ ಬದಲಿಸಿ ಬೇರೆಯೇ ಅಣುವಾಗಿ ನಿಲ್ಲುತ್ತದೆ, ಆ ಹಸಿರು ಅದರದ್ದು, ಎಂದು ಅವಳು ಬರೆದಳು. ಹೊರದೇಶದ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ಅವಳ ಗುರು ಶಾಂತಾರಾಮ ಸರ್ ನಿವೃತ್ತಿಯ ದಿನದ ಭಾಷಣದಲ್ಲಿ ಬೇರೆ ಯಾರ ಹೆಸರನ್ನೂ ಎತ್ತದೆ ಅವಳ ಹೆಸರೊಂದನ್ನೇ ಎತ್ತಿದರು. ಆ ಹಸಿರಿನಿಂದಲೇ ಸರಕಾರದ ಯೋಜನೆ ಬಂತು, ಈ ಯಂತ್ರ ಬಂತು, ದೀಪಾಳ ಫೆಲೋಶಿಪ್ ಬಂತು. ಊರವರ ಬಾಯಿಯೂ ಅದರಿಂದಲೇ ಮುಚ್ಚಿತು. ತಮ್ಮ ರೂಪೇಶನ ಮದುವೆಯಾಗಿ ಅಕ್ಕ ಹಾಗೇ ಉಳಿದಾಗ ಅವರ ಊರು ಭಾವಿಕೇರಿಯಲ್ಲಿ ಸಿಕ್ಕಿದವರೆಲ್ಲ "ನಿಂದು ಯಾವಾಗ?" ಎಂದು ಕೇಳುತ್ತಿದ್ದರು. ಪೇಪರಿನಲ್ಲಿ ಫೋಟೋ ಬಂದ ಮೇಲೆ ಕೇಳುವುದು ಬಿಟ್ಟರು.

ಆ ಹಸಿರು ಆಮೇಲೆ ಯಾರಿಗೂ ಸಿಗಲಿಲ್ಲ. 2004ರಲ್ಲಿ ಚೆನ್ನೈಯ ಒಬ್ಬರು ನಮಗೆ ಕಾಣಿಸುತ್ತಿಲ್ಲವಲ್ಲ ಎಂದು ಬರೆದರು. ನಿಮ್ಮ ಬೀಜ ಹಳೆಯದಿರಬೇಕು ಎಂದು ನೀತಾ ಉತ್ತರಿಸಿದಳು. ದೀಪಾಳಿಗೂ ಸಿಗದಿದ್ದಾಗ ಬೀಜವನ್ನು ದೂರುವ ಹಾಗಿರಲಿಲ್ಲ, ಬೀಜ ಆರಿಸಿ ತಂದವಳು ನೀತಾಳೇ. ಹಾಗಾಗಿ ದೂರು ಹುಡುಗಿಯ ಮೇಲೆ ಹೋಯಿತು. "ಪಾತ್ರೆ ಸರಿಯಾಗಿ ತೊಳೀತಿಲ್ಲ ನೀನು. ಕೈ ಶುದ್ಧ ಇಲ್ಲ," ಎಂದು ಒಂದು ದಿನ ಎಲ್ಲರೆದುರು ಅಂದುಬಿಟ್ಟಳು. ದೀಪಾ ಅಂಕೋಲೆಯ ಆಚೆಯ ಹಳ್ಳಿಯವಳು. ತಾಯಿ ಹೊನ್ನಮ್ಮ ಅಂಕೋಲೆಯ ಪೇಟೆಯಲ್ಲಿ ತರಕಾರಿ ಬುಟ್ಟಿ ಇಟ್ಟು ಕೂರುವವಳು. ಅವರ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಕೈ ಶುದ್ಧವಿಲ್ಲ ಎಂಬ ಮಾತು ಅವಳಿಗೆ ಎಲ್ಲೆಲ್ಲಿ ತಾಗಿತೋ, ಅವಳು ಹೇಳಲಿಲ್ಲ. ಅಂದಿನಿಂದ ಗಾಜಿನ ಪಾತ್ರೆಗಳನ್ನು ಆಸಿಡ್ಡಿನಲ್ಲಿ ಎಷ್ಟು ತೊಳೆದಳೆಂದರೆ ಬೆರಳ ತುದಿಯ ಚರ್ಮವೆಲ್ಲ ಸುಲಿದಿತ್ತು.

ಈಗ ಅದೇ ಬೆರಳುಗಳಿಂದ ಅವಳು ಪರದೆಯ ಉಬ್ಬನ್ನು ತೋರಿಸುತ್ತಿದ್ದಳು.

"ಹೇಗೆ ತಂದೆ?" ಎಂದು ಕೇಳಿದಳು ನೀತಾ. "ಏನು ಬದಲಾಯಿಸ್ದೆ?"

"ಎಂತದೂ ಇಲ್ಲ ಮೇಡಂ. ನೀವು ಮಾಡ್ದಂಗೇ ಮಾಡ್ದೆ. ನಿಮ್ಮ ಹಳೇ ಬುಕ್ ತೆಗ್ದು ಓದ್ದೆ, ಧಾರವಾಡಕ್ಕೆ ತಕಂಡು ಹೋಗುಕಿಂತ ಮೊದ್ಲು ಬರ್ದದ್ದು. ಅದ್ರಲ್ಲಿ ಬಟ್ಟೇಲಿ ಸೋಸಿದ್ದು ಹೇಳಿ ಬರ್ದಿತ್ತು. ನಾ ಇಷ್ಟು ದಿನ ಫಿಲ್ಟರ್ ಪೇಪರಲ್ಲಿ ಸೋಸ್ತಿದ್ದೆ."

ನೀತಾಳಿಗೆ ನೆನಪಾಯಿತು. ಆ ಜುಲೈ ತಿಂಗಳಲ್ಲಿ ಕಪಾಟಿನ ಫಿಲ್ಟರ್ ಪೇಪರುಗಳಿಗೆಲ್ಲ ಬೂಸ್ಟು ಹಿಡಿದಿತ್ತು. ಘಟ್ಟದ ರಸ್ತೆ ಕುಸಿದು ಧಾರವಾಡದಿಂದ ಹೊಸದು ಬರುವ ಹಾಗಿರಲಿಲ್ಲ. ಮನೆಯಲ್ಲಿ ಅವ್ವಂದಿರು ಮುರುಗಲ ಹಣ್ಣಿನ ರಸ ಸೋಸುವ ಹಾಗೆ, ಹತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ್ದಳು. ಸೋಸಿದ್ದನ್ನು ಶೀಷೆಗೆ ತುಂಬಿ, ಕಪ್ಪು ಕಾಗದ ಸುತ್ತಿ, ರಸ್ತೆ ತೆರೆದ ಮೇಲೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಶ್ವವಿದ್ಯಾಲಯದ ಯಂತ್ರದವರೆಗೆ ಒಯ್ದಿದ್ದಳು.

"ಬಟ್ಟೆ ಎಲ್ಲಿಂದ ತಂದೆ?"

"ನಿಮ್ಮ ಮನೆಗೇ ಹೋಗಿದ್ದೆ ಮೇಡಂ, ಮೊನ್ನೆ ಆದಿತ್ಯವಾರ. ನೀವು ಕುಮಟೆಗೆ ಹೋಗಿದ್ರಿ. ನಿಮ್ಮ ಆಯಿ ಹತ್ರ ಕೇಳ್ದೆ, ಆಗ ಮೇಡಂಗೆ ಕೊಟ್ಟದ್ದೇ ಬಟ್ಟೆ ಬೇಕು ಹೇಳಿ. ಅವ್ರಿಗೆ ನೆನಪಿತ್ತು." ದೀಪಾ ಪ್ಲಾಸ್ಟಿಕ್ ಚೀಲದಿಂದ ಬೆಳ್ಳಗಿನ ಬಟ್ಟೆಯ ತುಂಡೊಂದನ್ನು ಎಳೆದು ಮೇಜಿನ ಮೇಲೆ ಹಾಸಿದಳು. "ರೂಪೇಶಣ್ಣನ ಮದುವೆ ಪಂಚೆ ಅಂತೆ. ಪೆಟ್ಟಿಗೇಲಿ ಇಟ್ಟಿದ್ರು."

ಬಟ್ಟೆಯತ್ತ ಚಾಚಿದ ಕೈಯನ್ನು ನೀತಾ ಹಿಂದಕ್ಕೆ ಎಳೆದುಕೊಂಡಳು.

ಮದುವೆಯ ಪಂಚೆ ಎಂದರೆ ಅರಿಶಿನದ ಪಂಚೆ. ಆ ವರ್ಷ ಮೇ ತಿಂಗಳಲ್ಲಿ ಅಂಗಳದ ಚಪ್ಪರದಡಿ ತಮ್ಮನನ್ನು ಮಣೆಯ ಮೇಲೆ ಕೂರಿಸಿ ತಲೆಯಿಂದ ಕಾಲಿನವರೆಗೆ ಅರಿಶಿನ ಬಳಿದಿದ್ದರು. ಬಳಿದವರಲ್ಲಿ ಅವಳೂ ಒಬ್ಬಳು. ಬಿಳಿ ಪಂಚೆ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅರಿಶಿನದ ಮೇಲೆ ನೇರಳಾತೀತ ಬೆಳಕು ಬಿದ್ದರೆ ಏನಾಗುತ್ತದೆಂದು ಅವಳೇ ಪ್ರತಿ ವರ್ಷ ವಿಜ್ಞಾನ ದಿನಾಚರಣೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ತೋರಿಸುತ್ತಿದ್ದಳು. ಆಲ್ಕೋಹಾಲಿಗೆ ಒಂದು ಚಿಟಿಕೆ ಹಾಕಿ ದೀಪ ಹಿಡಿದರೆ ಸಾಕು, ಹಸಿರಾಗಿ ಹೊಳೆಯುತ್ತದೆ.

"ಎಂತಾಯ್ತು ಮೇಡಂ?" ದೀಪಾ ಕೇಳಿದಳು.

"ಏನಿಲ್ಲ. ಒಳ್ಳೇ ಕೆಲಸ ಮಾಡಿದೆ. ಹೋಗಿ ಊಟ ಮಾಡ್ಕೊಂಡು ಬಾ, ಬೆಳಿಗ್ಗೆಯಿಂದ ಏನೂ ತಿಂದ ಹಾಗಿಲ್ಲ ನೀನು."

ಹುಡುಗಿ ಹೋದ ಮೇಲೆ ಚಿಲಕ ಹಾಕಿಕೊಂಡಳು. ಹೊಸ ಶೀಷೆಯ ಮುಚ್ಚಳ ತೆಗೆದು ಹತ್ತು ಮಿಲಿ ಆಲ್ಕೋಹಾಲ್ ಅಳೆದಳು. ಅದರಲ್ಲಿ ಸುರಹೊನ್ನೆಯ ಅಣು ಇಲ್ಲ, ಏನೂ ಇಲ್ಲ. ಬಟ್ಟೆಯ ಅಂಚಿನಿಂದ ಒಂದು ತುಂಡು ಕತ್ತರಿಸಿ, ಮಡಿಸಿ, ಬರೀ ಆಲ್ಕೋಹಾಲನ್ನು ಅದರಲ್ಲಿ ಸೋಸಿದಳು. ಸೋಸಿ ಬಂದದ್ದನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದರೆ ನೀರಿನ ಹಾಗೆ ತಿಳಿಯಾಗಿತ್ತು. ಈ ಪರೀಕ್ಷೆಗೆ ಬ್ಲಾಂಕ್ ಎನ್ನುತ್ತಾರೆ. ಪರೀಕ್ಷಿಸುವ ವಸ್ತು ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಾಗೇ ಇಟ್ಟು ನೋಡುವುದು. ಬಿಎಸ್ಸಿ ಮಕ್ಕಳಿಗೂ ಗೊತ್ತಿರುವ ವಿಷಯ. 2001ರಲ್ಲಿ ಶಾಂತಾರಾಮ ಸರ್ "ಬ್ಲಾಂಕ್ ತೆಗೆದಿದ್ದೀಯಾ?" ಎಂದು ಕೇಳಿದ್ದರು, ಅವಳು ಹೌದು ಎಂದಿದ್ದಳು. ಸುಳ್ಳು ಹೇಳಿರಲಿಲ್ಲ. ಆದರೆ ಅಂದು ಬ್ಲಾಂಕಿಗೆ ಹಾಕಿದ್ದು ಧಾರವಾಡದ ಲ್ಯಾಬಿನ ಆಲ್ಕೋಹಾಲ್. ಅದು ಭಾವಿಕೇರಿಯ ಬಟ್ಟೆಯನ್ನು ಕಂಡಿರಲಿಲ್ಲ.

ಯಂತ್ರ ನಿಧಾನಕ್ಕೆ ಗೆರೆ ಎಳೆಯಿತು. ನೀಲಿಯ ಗುಡ್ಡ ಇರಬೇಕಾದ ಜಾಗದಲ್ಲಿ ಗೆರೆ ಮಟ್ಟಸವಾಗಿ ಸಾಗಿತು. ಬರಬೇಡ, ಬರಬೇಡ ಎಂದು ಒಳಗೊಳಗೇ ಜಪಿಸುತ್ತಿದ್ದಳು. ತರಂಗಾಂತರ ಐನೂರು ನ್ಯಾನೋಮೀಟರ್ ದಾಟುತ್ತಿದ್ದ ಹಾಗೆ ಗೆರೆ ತಲೆಯೆತ್ತಿತು, ಐನೂರ ಮೂವತ್ತರ ಹತ್ತಿರ ತುದಿ ಮುಟ್ಟಿ ಇಳಿಯಿತು. ಐದು ವರ್ಷ ಅವಳ ಹೆಸರಿನ ಜೊತೆ ಓಡಾಡಿದ ಅದೇ ಉಬ್ಬು. ಅಣು ಮೈ ಬದಲಿಸಿರಲಿಲ್ಲ. ಅಲ್ಲಿ ಇದ್ದದ್ದು ಅಡಿಗೆಮನೆಯ ಅರಿಶಿನ.

ಪ್ರಿಂಟ್ ತೆಗೆದಳು. ಯಾಕೆ ತೆಗೆದಳೋ ಅವಳಿಗೇ ತಿಳಿಯದು, ಇಷ್ಟು ವರ್ಷದ ರೂಢಿಗೆ ಕೈ ತಾನಾಗಿ ಗುಂಡಿ ಒತ್ತಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಊಟದ ಡಬ್ಬಿಯ ಅಡಿಗೆ ತಳ್ಳಿದಳು. ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದಳು. ಅಷ್ಟರಲ್ಲಿ ದೀಪಾ ಬಾಗಿಲು ತಟ್ಟಿದಳು.

ಒಳಗೆ ಬಂದವಳೇ ಹುಡುಗಿ ಮೊದಲು ಹೇಳಿದ್ದು ಇದು: "ಮೇಡಂ, ಬಟ್ಟೆದೊಂದು ಬ್ಲಾಂಕ್ ತೆಗೆದ್ಬಿಡ್ಲಾ? ನಾಳೆ ಕೇಳಿದ್ರೆ ಬೇಕಾಗ್ತದೆ."

ನೀತಾ ಅವಳ ಮುಖ ನೋಡಲಿಲ್ಲ. "ಬೇಡ. ಲ್ಯಾಂಪ್ ಬೆಳಿಗ್ಗೆಯಿಂದ ಉರೀತಾ ಇದೆ, ಬಿಸಿಯಾಗಿದೆ. ಇವತ್ತಿಗೆ ಸಾಕು."

"ಹೂಂ," ಎಂದಳು ದೀಪಾ. ಮೇಡಂ ಬೇಡ ಎಂದರೆ ಬೇಡ. ಯಂತ್ರಕ್ಕೆ ಮುಸುಕು ಹೊದಿಸಿದಳು.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಹೊರಟರು. ಬೈತಖೋಲದಲ್ಲಿ ದೋಣಿಗಳು ಬಂದು ನಿಂತಿದ್ದವು, ಮೀನಿನ ಬುಟ್ಟಿ ಹೊತ್ತ ಹೆಂಗಸರು ಹತ್ತಿದರು, ಬಸ್ಸು ಬಿಣಗಾದ ಏರು ಹತ್ತಿತು. ದೀಪಾ ಯಾವತ್ತೂ ಹೆಚ್ಚು ಮಾತಾಡುವವಳಲ್ಲ, ಅಂದು ಮಾತ್ರ ಬಾಯಿ ನಿಲ್ಲಲಿಲ್ಲ. ಮನೆಯಲ್ಲಿ ಒಂದು ಸಂಬಂಧ ನೋಡಿಟ್ಟಿದ್ದಾರಂತೆ. ಫೆಲೋಶಿಪ್ ಮುಂದುವರಿದರೆ ಓದು ಮುಗಿಯುವವರೆಗೆ ಮದುವೆ ಮಾತು ಎತ್ತುವುದಿಲ್ಲ ಎಂದು ತಂದೆ ಒಪ್ಪಿದ್ದಾರಂತೆ. ಇಲ್ಲದಿದ್ದರೆ ದೀಪಾವಳಿ ಕಳೆದ ಕೂಡಲೇ. "ನಾಳೆ ಒಂದು ದಾಟಿದ್ರೆ ಆಯ್ತು ಮೇಡಂ," ಎಂದಳು. "ಅವ್ವಂಗೆ ಹೇಳಿದ್ದೆ, ನನ್ನ ಕೈ ಸರಿ ಇಲ್ಲ, ನನ್ನಿಂದಾಗೂದಿಲ್ಲ ಹೇಳಿ. ಇವತ್ತು ಹೋಗಿ ಹೇಳ್ತೆ, ನನ್ನ ಕೈ ಸರಿಯೇ ಅದೆ ಹೇಳಿ."

ನೀತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಅಮದಳ್ಳಿ ದಾಟಲಿ, ಹೇಳುತ್ತೇನೆ. ಅಮದಳ್ಳಿ ದಾಟಿತು. ಅವರ್ಸಾ ಬರಲಿ. ಅವರ್ಸಾ ಬಂದು ಹೋಯಿತು. ಅಂಕೋಲೆಯ ಸ್ಟ್ಯಾಂಡಿನಲ್ಲಿ ದೀಪಾ ಇಳಿದು, ಕಿಟಕಿಯ ಹತ್ತಿರ ಬಂದು "ನಾಳೆ ಏಳೂವರೆ ಬಸ್ಸಿಗೆ ಮೇಡಂ" ಎಂದಳು. ನೀತಾ ತಲೆಯಾಡಿಸಿದಳು.

ಮನೆಯಲ್ಲಿ ತಾಯಿ ಗಂಗೂ ಮುಂದಿನ ಕೈಸಾಲೆಯಲ್ಲಿ ಕೂತು ಬಂಗಡೆ ಮೀನು ಹೆಚ್ಚುತ್ತಿದ್ದಳು. ಹೆಚ್ಚಿದ ತುಂಡುಗಳಿಗೆ ಉಪ್ಪು ಅರಿಶಿನ ಸವರಿ ತಟ್ಟೆಯಲ್ಲಿ ಇಟ್ಟಿದ್ದಳು. ಅದನ್ನು ಕಂಡು ನೀತಾ ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಎಂತ ಆಯ್ತೇ? ಮೋರೆ ಯಾಕೆ ಹಂಗಾಗದೆ?" ಎಂದಳು ಗಂಗೂ.

"ಎಂತದೂ ಇಲ್ಲ ಆಯಿ. ದೀಪಾಗೆ ಪಂಚೆ ತುಂಡು ಕೊಟ್ಟಿದ್ಯಂತೆ."

"ಕೊಟ್ಟೆ. ಪಾಪದ ಹುಡ್ಗಿ ಬಿಸಿಲಲ್ಲಿ ಬಂದಿತ್ತು, ಆಸ್ರಿಗೆ ಬೆಲ್ಲ ನೀರು ಕುಡಿ ಅಂದ್ರೂ ಕೇಳ್ಲಿಲ್ಲ. ಎಂತಕೆ, ಸರಿ ಆಗ್ಲಿಲ್ಲಾ?"

"ಅದನ್ನ ತೊಳ್ದಿದ್ಯಾ ಆಯಿ ಆಗ? ನಂಗೆ ಕೊಡೂಕಿಂತ ಮೊದ್ಲು?"

ಗಂಗೂಗೆ ಸಿಟ್ಟು ಬಂತು. "ತೊಳೀದೆ ಕೊಡ್ತ್ನಾ? ಬೂದಿ ನೀರಲ್ಲಿ ಕುದ್ಸಿ, ಎಂಟು ದಿನ ಬಿಸಿಲಿಗೆ ಹಾಕಿದ್ದೆ. ಅರಿಶಿನ ಬಿಸಿಲಿಗೆ ನಿಲ್ತದ್ಯೇ? ಹಾಲಿನಂಗೆ ಬೆಳ್ಳಗಾಗಿತ್ತು." ಆಮೇಲೆ ಧ್ವನಿ ಇಳಿಸಿ ಹೇಳಿದಳು, "ಮನೇಲಿ ಬೇರೆ ಬಟ್ಟೆ ಇತ್ತು. ಅಪ್ಪಯ್ಯಂದು ಹಳೇ ಪಂಚೆ ಇತ್ತು. ಆದ್ರೆ ನೀ ಅಷ್ಟು ದೊಡ್ಡ ಕೆಲ್ಸಕ್ಕೆ ಹೊರ್ಟವ್ಳು. ಮಂಗಳದ್ದು ಇರ್ಲಿ ಹೇಳಿ ಅದ್ನೇ ಹರ್ದು ಕೊಟ್ಟೆ."

ಅವರ ಮನೆಯಲ್ಲಿ ಮದುವೆಯ ಅರಿಶಿನದ ಪಂಚೆಯನ್ನು ಎಸೆಯುವ ಪದ್ಧತಿಯಿಲ್ಲ. ಒಗೆದು ಪೆಟ್ಟಿಗೆಯಲ್ಲಿ ಇಡುತ್ತಾರೆ, ಮನೆಗೆ ಕೂಸು ಬಂದಾಗ ಮೊದಲು ಸುತ್ತುವುದು ಅದರ ತುಂಡನ್ನೇ. ಆ ಪಂಚೆಗೆ ಕತ್ತರಿ ಹಾಕಿದ್ದು ಮೊದಲು ನೀತಾಳಿಗಾಗಿ, ಆಮೇಲೆ ರೂಪೇಶನ ಮಗಳಿಗಾಗಿ. ನೀತಾಳಿಗೆ ಇದು ಇಂದೇ ಗೊತ್ತಾಗಿದ್ದು. ಬಿಸಿಲು ಅರಿಶಿನದ ಬಣ್ಣವನ್ನು ಕಣ್ಣಿನಿಂದ ತೆಗೆಯುತ್ತದೆ, ನೂಲಿನ ಒಳಗಿಂದ ಪೂರ್ತಿ ತೆಗೆಯುವುದಿಲ್ಲ, ಎಂದು ಈ ತಾಯಿಗೆ ಹೇಗೆ ಹೇಳುವುದು? ಹೇಳಿದರೆ ಮುದುಕಿ ಜೀವಮಾನವಿಡೀ ತನ್ನ ಕೈಯಿಂದಲೇ ಮಗಳ ಕೆಲಸ ಕೆಟ್ಟಿತು ಎಂದು ಕೊರಗುತ್ತಾಳೆ.

"ಚಲೋ ಬಟ್ಟೆ ಆಯಿ ಅದು," ಎಂದಳು. "ಅದಕ್ಕೇ ಕೇಳ್ದೆ."

ಊಟ ಸೇರಲಿಲ್ಲ. ಹಾಸಿಗೆಯಲ್ಲಿ ಹೊರಳಾಡುತ್ತ ಎಲ್ಲ ದಾರಿಗಳನ್ನೂ ಹುಡುಕಿದಳು. ಯಾರಿಗೆ ಗೊತ್ತಾಗುತ್ತದೆ? ನಾಳೆ ದೀಪಾ ಗ್ರಾಫ್ ತೋರಿಸುತ್ತಾಳೆ, ಅವರು ತಲೆಯಾಡಿಸುತ್ತಾರೆ, ಹೋಗುತ್ತಾರೆ. ಹುಡುಗಿಯ ಫೆಲೋಶಿಪ್ಪಿನ ಇನ್ನೆರಡು ವರ್ಷ ಉಳಿಯುತ್ತದೆ. ಆಮೇಲೆ ನಿಧಾನಕ್ಕೆ ವಿಷಯ ಬದಲಾಯಿಸಿದರಾಯಿತು, ಹಸಿರನ್ನು ಮೂಲೆಗೆ ತಳ್ಳಿ ನೀಲಿಯ ಮೇಲೆ ಪ್ರಬಂಧ ಬರೆಸಿದರಾಯಿತು. ಇದೆಲ್ಲ ದೀಪಾಳಿಗಾಗಿಯೇ ತಾನೇ, ನನಗಾಗಿ ಅಲ್ಲವಲ್ಲ, ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡಳು. ಹತ್ತನೆಯ ಸಲಕ್ಕೂ ನಂಬಿಕೆ ಹುಟ್ಟಲಿಲ್ಲ. ಆದರೂ ಬೆಳಿಗ್ಗೆ ಏಳೂವರೆ ಬಸ್ಸು ಹತ್ತುವಾಗ ಅವಳ ಬಾಯಿ ಮುಚ್ಚಿಯೇ ಇತ್ತು. ಮಡಿಸಿದ ಕಾಗದವನ್ನು ಒಲೆಗೆ ಹಾಕಬೇಕೆಂದುಕೊಂಡಿದ್ದಳು, ಅದೂ ಆಗಲಿಲ್ಲ. ಚೀಲದಲ್ಲೇ ಇತ್ತು.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ಮೈಸೂರಿನ ಕಡೆಯ ಸಣಕಲು ಮನುಷ್ಯ, ಮೃದುವಾಗಿ ಮಾತಾಡುವವರು. ಎಳನೀರು ಬೇಡ ಎಂದರು, ಬರೀ ಬಿಸಿನೀರು ಕೇಳಿದರು. ದೀಪಾ ಇಸ್ತ್ರಿ ಮಾಡಿದ ಹಸಿರು ಚೂಡಿದಾರ ಹಾಕಿಕೊಂಡು, ತಲೆಗೆ ಅಬ್ಬಲಿಗೆ ಮುಡಿದು, ಪ್ರೊಜೆಕ್ಟರಿನ ಪಕ್ಕ ನಿಂತಿದ್ದಳು. ಚೆನ್ನಾಗಿ ಮಾತಾಡಿದಳು. ಇಂಗ್ಲಿಷಿನಲ್ಲಿ ತಡವರಿಸಿದ ಕಡೆ ಅಧ್ಯಕ್ಷರೇ "ಕನ್ನಡದಲ್ಲೇ ಹೇಳಮ್ಮ" ಎಂದರು. ಕನ್ನಡದಲ್ಲಿ ಹೇಳತೊಡಗಿದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಅಣು ಬೆಳಕು ನುಂಗುವುದನ್ನು, ಮೈ ಬದಲಿಸುವುದನ್ನು ಕೈ ತಿರುಗಿಸಿ ತೋರಿಸಿದಳು. ನೀತಾ ಹಿಂದಿನ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು.

ಕೊನೆಯ ಗ್ರಾಫ್ ಬಂದಾಗ ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಓಹೋ, ಇದೇ. ನಮ್ಮ ಹುಡುಗನೊಬ್ಬ ಒಂದು ವರ್ಷ ತಿಣುಕಾಡಿದ, ಅವನಿಗೆ ಸಿಗಲಿಲ್ಲ," ಎಂದರು. "ಎಂಟು ತಿಂಗಳು ಬರದೆ ಇದ್ದದ್ದು ಈಗ ಹೇಗೆ ಬಂತು?"

"ಸೋಸೂ ಕ್ರಮ ಬದ್ಲು ಮಾಡಿದೆ ಸರ್. ಪೇಪರಿನ ಬದ್ಲು ಹತ್ತಿ ಬಟ್ಟೆ. ಮೇಡಂ ಮೊದ್ಲು ಮಾಡಿದ್ದ ಕ್ರಮ ಅದೇ."

"ಬಟ್ಟೆ," ಎಂದರು ಅಧ್ಯಕ್ಷರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬಟ್ಟೆಯಲ್ಲಿ ಸೋಸಿದ ಬರೀ ಆಲ್ಕೋಹಾಲಿನ ಬ್ಲಾಂಕ್ ತೆಗೆದಿದ್ದೀಯಾ?"

ದೀಪಾ ನೀತಾಳ ಕಡೆ ನೋಡಿದಳು. ನೀತಾಳ ಮುಖದಲ್ಲಿ ಏನು ಕಂಡಿತೋ. ಬಿಳಿಚಿಕೊಂಡ ಮುಖ ಕಂಡಿರಬೇಕು, ಇಷ್ಟು ವರ್ಷ ಯಾರೆದುರೂ ತಲೆ ತಗ್ಗಿಸದ ಮೇಡಂ ಈಗ ನೆಲ ನೋಡುತ್ತಿರುವುದು ಕಂಡಿರಬೇಕು.

"ತೆಗ್ದಿದ್ದೇನೆ ಸರ್," ಎಂದಳು ದೀಪಾ. "ಎಂತದೂ ಇರ್ಲಿಲ್ಲ. ಮಟ್ಟಸ ಬಂತು."

ನೀತಾ ತಲೆಯೆತ್ತಿದಳು. ಎಂಟು ತಿಂಗಳು ಬೋಳು ಗೆರೆಗಳನ್ನು ಒಂದಾದ ಮೇಲೊಂದು ತಂದು ಮೇಜಿನ ಮೇಲಿಟ್ಟ ಹುಡುಗಿ ಇವಳು. ಬೈಸಿಕೊಂಡರೂ ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎಂದೋ ತಿದ್ದಿ ತಂದು ಕೈ ತೊಳೆದುಕೊಳ್ಳುತ್ತಿದ್ದರು. ಈಗ ಆ ಬಾಯಿಯಿಂದ ಸುಳ್ಳು ಬಂತು, ಎಷ್ಟು ಸಲೀಸಾಗಿ ಬಂತು. ನೀತಾಳಿಗೆ ತಡೆಯಲಾಗಲಿಲ್ಲ. ಭಯ ಹೋಗಿರಲಿಲ್ಲ, ಆದರೂ ಎದ್ದು ನಿಂತಳು.

"ಅವಳು ತೆಗೆದಿಲ್ಲ ಸರ್," ಎಂದಳು. "ನಾನು ತೆಗೆದಿದ್ದೇನೆ. ನಿನ್ನೆ."

ಡಬ್ಬಿಯ ಅಡಿಯಿಂದ ಕಾಗದ ಎಳೆದು, ಮಡಿಕೆ ಬಿಡಿಸಿ ಅಧ್ಯಕ್ಷರ ಮುಂದಿಟ್ಟಳು. ಮೂಲೆಯಲ್ಲಿ ಸಾಂಬಾರಿನ ಕಲೆಯಾಗಿತ್ತು. ಅಧ್ಯಕ್ಷರು ಅದನ್ನು ಬಹಳ ಹೊತ್ತು ನೋಡಿದರು. ಪಕ್ಕದವರಿಗೆ ದಾಟಿಸಿದರು. ನೀತಾ ನಿಂತೇ ಹೇಳಿದಳು. ಮದುವೆ, ಪಂಚೆ, ಅರಿಶಿನ, ಧಾರವಾಡದ ಶೀಷೆ, ಒಂದನ್ನೂ ಬಿಡಲಿಲ್ಲ. ಬಟ್ಟೆ ಕೊಟ್ಟವರು ಯಾರು ಎಂಬುದೊಂದನ್ನು ಬಿಟ್ಟು.

"ಐದು ವರ್ಷ," ಎಂದರು ಅಧ್ಯಕ್ಷರು ಕೊನೆಗೆ. ಸಿಟ್ಟಿನಿಂದ ಹೇಳಲಿಲ್ಲ, ಅದೇ ಹೆಚ್ಚು ನೋಯಿಸಿತು. "ಆ ಪತ್ರಿಕೆಗೆ ನೀವೇ ಬರೀಬೇಕಾಗ್ತದೆ ಮೇಡಂ. ಪ್ರಬಂಧ ಹಿಂದಕ್ಕೆ ತಗೊಳ್ತೇನೆ ಅಂತ. ಬೇರೆಯವರು ಬರೆಯೋ ಮೊದಲು."

"ಬರೀತೇನೆ ಸರ್. ಈ ಹುಡುಗಿ ವಿಷಯ..."

"ಅದು ನಮ್ಮ ಮೂವರ ಕೈಯಲ್ಲಿಲ್ಲ. ವರದಿ ಬರೀತೇವೆ. ನೋಡೋಣ." ಅವರು ದೀಪಾಳ ಕಡೆ ತಿರುಗಿದರು. ಆಮೇಲೆ ಕಾಗದಗಳನ್ನು ಜೋಡಿಸಿಕೊಂಡು ಎದ್ದರು.

ಅವರ ಕಾರು ಗೇಟು ದಾಟಿದ ಮೇಲೆ ನೀತಾ ಕೆಳಗಿನ ಕೋಣೆಗೆ ಬಂದಳು. ದೀಪಾ ಯಂತ್ರದ ಎದುರು ಕೂತಿದ್ದಳು. ಯಂತ್ರ ಚಾಲೂ ಮಾಡಿರಲಿಲ್ಲ. ನೀತಾ ಬಾಗಿಲಲ್ಲೇ ನಿಂತಳು. ತನ್ನದೇ ಲ್ಯಾಬಿನ ಒಳಗೆ ಬರಲು ಕರೆಗಾಗಿ ಕಾಯುವ ಹಾಗಾಗಿತ್ತು.

"ನಿನ್ನೆ ನಾ ಊಟಕ್ಕೆ ಹೋದಾಗ ತೆಗೆದ್ರಾ ಮೇಡಂ?" ಎಂದು ಕೇಳಿದಳು ದೀಪಾ, ತಿರುಗಿ ನೋಡದೆ.

"ಹೌದು."

"ನಾ ಬಂದು ಕೇಳ್ದೆ. ತೆಗೀಲಾ ಹೇಳಿ ಕೇಳ್ದೆ. ಬೇಡ ಅಂದ್ರಿ."

"ಅಂದೆ."

"ಬಸ್ಸಲ್ಲಿ ಅಷ್ಟೆಲ್ಲ ಮಾತಾಡ್ದೆ." ಹುಡುಗಿ ಈಗ ತಿರುಗಿ ನೋಡಿದಳು. "ನಿನ್ನೆನೇ ಹೇಳಿದ್ರೆ ನಾ ಸುಳ್ಳು ಹೇಳ್ತಿರ್ಲಿಲ್ಲ ಮೇಡಂ."

ನಿನಗಾಗಿಯೇ ಮುಚ್ಚಿಟ್ಟೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ನೀತಾ ಅದನ್ನು ನುಂಗಿಕೊಂಡಳು. "ತಪ್ಪಾಯ್ತು ದೀಪಾ," ಎಂದಳು. ಹದಿನಾರು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಗೂ ಅವಳು ಹೇಳಿರದ ಮಾತು ಅದು. ಹೇಳಿದ ಮೇಲೂ ಏನೂ ಹಗುರಾಗಲಿಲ್ಲ.

ದೀಪಾ ಮೇಜಿನ ಖಾನೆಯಿಂದ ತನ್ನ ನೋಟ್‌ಬುಕ್ ತೆಗೆದಳು. ನಿನ್ನೆಯ ಪುಟ ತೆರೆದಳು. ಮೂರು ಸಲ ಬಂದ ಹಸಿರಿನ ಲೆಕ್ಕವೆಲ್ಲ ಅಲ್ಲಿ ದುಂಡಗಿನ ಅಕ್ಷರದಲ್ಲಿತ್ತು. ಅದರ ಕೆಳಗೆ ಒಂದು ಗೆರೆ ಎಳೆದು 'ಬ್ಲಾಂಕ್, ಬಟ್ಟೆ' ಎಂದು ಬರೆದಳು.

"ಎಷ್ಟು ಮಿಲಿ ತಕೊಂಡಿದ್ರಿ ಮೇಡಂ?"

"ಹತ್ತು."

"ಎಷ್ಟು ಸಲ ಸೋಸಿದ್ರಿ?"

"ಒಂದೇ ಸಲ."

"ತುದಿ ಎಲ್ಲಿ ಬಂತು?"

"ಐನೂರ ಮೂವತ್ತು. ಒಂದೆರಡು ಆಚೀಚೆ."

"ಆಚೀಚೆ ಹೇಳಿ ಬರಿಯೂಕಾಗೂದಿಲ್ಲ ಮೇಡಂ."

"ಐನೂರ ಮೂವತ್ತೆರಡು," ಎಂದಳು ನೀತಾ.

ದೀಪಾ ಬರೆದಳು. ನಿನ್ನೆಯ ತಾರೀಖು ಹಾಕಿ, ಮಧ್ಯಾಹ್ನ ಎಂದು ಸೇರಿಸಿದಳು. ಕೊನೆಗೆ, ಇಷ್ಟು ದಿನ ತನ್ನ ಹೆಸರು ಬರೆಯುತ್ತಿದ್ದ 'ಪ್ರಯೋಗ ಮಾಡಿದವರು' ಎಂಬ ಜಾಗವನ್ನು ಖಾಲಿ ಬಿಟ್ಟು, ಪುಸ್ತಕವನ್ನು ನೀತಾಳ ಕಡೆಗೆ ತಿರುಗಿಸಿ ಮೇಜಿನ ಅಂಚಿಗೆ ತಳ್ಳಿದಳು. ಪೆನ್ನು ಕೊಡಲಿಲ್ಲ. ನೀತಾ ನಿಂತಲ್ಲಿಯೇ ತನ್ನ ಚೀಲದೊಳಗೆ ಕೈ ಹಾಕಿ ಪೆನ್ನು ಹುಡುಕತೊಡಗಿದಳು.